ಫುಲ್‌ಬ್ರೈಟ್ ವಿದ್ಯಾರ್ಥಿವೇತನ

ಅಮೆರಿಕ ಮತ್ತು ಇತರ ದೇಶಗಳ ನಡುವೆ ವಿದ್ಯಾರ್ಥಿ, ಅಧ್ಯಾಪಕ, ಕಲಾವಿದರ ವಿನಿಮಯಕ್ಕೆ ನೆರವಾಗುವ ಯೋಜನೆ. ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ ಮಂಡಿಸಿದ ಮಸೂದೆ 1946ರಲ್ಲಿ ಕಾನೂನಾಯಿತು. ಮಹಾಯುದ್ಧದ ನಂತರ ಹೊರದೇಶಗಳಲ್ಲಿ ಉಳಿದಿದ್ದ ಸೇನಾ ಸಾಮಗ್ರಿ ಮಾರಿ ಬಂದ ಹಣವೇ ಮೊದಲ ಬಂಡವಾಳ. ಭಾರತದೊಡನೆ ಒಪ್ಪಂದವಾದದ್ದು 1950ರಲ್ಲಿ. 2008ರ ಹೊಸ ಒಪ್ಪಂದದಂತೆ ಉಭಯ ಸರ್ಕಾರಗಳೂ ವೆಚ್ಚವನ್ನು ಸಮನಾಗಿ ಭರಿಸುತ್ತವೆ. ಫುಲ್‌ಬ್ರೈಟ್-ನೆಹರು ಎಂಬ ಹೆಸರು ಬಂದದ್ದು ಆಗಲೇ.

ಕನ್ನಡಕ್ಕೆ ಇದರಿಂದಾದ ಲಾಭ ದೊಡ್ಡದು. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಈ ನೆರವಿನಿಂದಲೇ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಭಾಷಾವಿಜ್ಞಾನ ಓದಲು ಹೋದರು. ಗಿರೀಶ ಕಾರ್ನಾಡರು 1987-88ರಲ್ಲಿ ಫುಲ್‌ಬ್ರೈಟ್ ಅತಿಥಿಯಾಗಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ, ರಾಮಾನುಜನ್ ಹೇಳಿದ್ದ ಜನಪದ ಕಥೆಗಳನ್ನು ಹೆಣೆದು ‘ನಾಗಮಂಡಲ’ ನಾಟಕ ರಚಿಸಿದರು. ಈ ವೇತನದಲ್ಲಿ ಹೋದ ಭಾರತೀಯರು ಅಮೆರಿಕದಲ್ಲಿ ನೆಲೆಸುವ ಅನುಮತಿ ಪಡೆಯಲು ಸಾಮಾನ್ಯವಾಗಿ ಮೊದಲು ಎರಡು ವರ್ಷ ಸ್ವದೇಶದಲ್ಲಿ ಇರಬೇಕಾಗುತ್ತದೆ.