ನೌಕಾವಿಹಾರ: ಕಡಲತೀರಕ್ಕೆ ಇಳಿಯುವಾಗ ಕ್ಯಾಮೆರಾ ಜೋಪಾನ

ಹಡಗಿನ ಮೇಲಿರುವಷ್ಟು ಹೊತ್ತು ಕ್ಯಾಮೆರಾಕ್ಕೆ ಅಪಾಯ ಕಡಿಮೆ. ಹಡಗನ್ನು ಬಿಟ್ಟು ದಡ ಸೇರಿ, ಸಂಜೆಗೆ ಮತ್ತೆ ಹಡಗಿಗೆ ಮರಳುವ ಐದಾರು ಗಂಟೆಗಳ ಅವಧಿಯಲ್ಲಿಯೇ ಉಪ್ಪುನೀರು, ಮರಳು, ಬಿಸಿಲು ಮತ್ತು ಕಳವು ಎಂಬ ನಾಲ್ಕು ಅಪಾಯಗಳೂ ಒಟ್ಟಿಗೆ ಎದುರಾಗುತ್ತವೆ. ಕೆಟ್ಟ ಕ್ಯಾಮೆರಾವನ್ನು ಹಣ ಕೊಟ್ಟು ಮತ್ತೆ ಕೊಳ್ಳಬಹುದು. ಅದರೊಳಗಿನ ಒಂದೇ ಮೆಮೊರಿ ಕಾರ್ಡಿನಲ್ಲಿ ಇಡೀ ಪ್ರವಾಸದ ಚಿತ್ರಗಳಿದ್ದರೆ ಆ ನಷ್ಟವನ್ನು ಯಾವ ವಿಮೆಯೂ ತುಂಬಿಕೊಡುವುದಿಲ್ಲ. ಆದುದರಿಂದ ಕಡಲತೀರದ ಸಿದ್ಧತೆಯು ಹಡಗಿನ ಕೊಠಡಿಯಲ್ಲಿಯೇ ಆರಂಭವಾಗಬೇಕು.

ಲಕ್ಷದ್ವೀಪದ ಪರಿಸ್ಥಿತಿ

ಕನ್ನಡಿಗರಿಗೆ ಹತ್ತಿರವಿರುವ ನೌಕಾವಿಹಾರದ ತಾಣಗಳಲ್ಲಿ ಲಕ್ಷದ್ವೀಪ ಮುಖ್ಯವಾದುದು. ಒಟ್ಟು 32 ಚದರ ಕಿಲೋಮೀಟರ್ ವಿಸ್ತೀರ್ಣದ 36 ದ್ವೀಪಗಳ ಈ ಸಮೂಹದಲ್ಲಿ ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಕೊಚ್ಚಿಯಿಂದ ಇವು 220ರಿಂದ 440 ಕಿಲೋಮೀಟರ್ ದೂರದಲ್ಲಿವೆ. ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತದ ಪ್ರಯಾಣಿಕ ಹಡಗುಗಳು ಸಂಚರಿಸುತ್ತವೆ. ಕಾರ್ಡೇಲಿಯಾ ಸಂಸ್ಥೆಯ ವಿಹಾರನೌಕೆ 2021ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಿಂದ ಯಾನ ಆರಂಭಿಸಿದಾಗ ಅದರ ಮಾರ್ಗಗಳಲ್ಲಿ ಲಕ್ಷದ್ವೀಪವೂ ಸೇರಿತ್ತು.

ಹವಳದ ದಿಬ್ಬಗಳಿಂದ ಸುತ್ತುವರಿದ ಈ ದ್ವೀಪಗಳ ದಡಕ್ಕೆ ದೊಡ್ಡ ಹಡಗುಗಳು ಬರಲಾರವು. ಅವು ಆಳವಾದ ನೀರಿನಲ್ಲಿ ಲಂಗರು ಹಾಕುತ್ತವೆ. ಪ್ರಯಾಣಿಕರು ಹಡಗಿನ ಪಾರ್ಶ್ವದ ಬಾಗಿಲಿನಿಂದ ಸಣ್ಣ ದೋಣಿಗಿಳಿದು ದಡ ಸೇರಬೇಕು. ಕ್ಯಾಮೆರಾ ಒಯ್ಯುವವರು ತಮ್ಮ ಎಲ್ಲ ಲೆಕ್ಕಾಚಾರವನ್ನೂ ಈ ದೋಣಿ ಪ್ರಯಾಣವನ್ನು ಕಣ್ಣ ಮುಂದಿಟ್ಟುಕೊಂಡೇ ಮಾಡಬೇಕು.

ಕೊಠಡಿಯಿಂದ ಹೊರಡುವ ಮುನ್ನ

ಮೊದಲ ನಿರ್ಧಾರ ಏನನ್ನು ಒಯ್ಯಬೇಕು ಎಂಬುದಲ್ಲ, ಏನನ್ನು ಬಿಟ್ಟು ಹೋಗಬೇಕು ಎಂಬುದು. ದಡಕ್ಕೆ ಒಂದು ಕ್ಯಾಮೆರಾ, ಒಂದು ಲೆನ್ಸ್ ಸಾಕು. ತೀರದಲ್ಲಿ ಲೆನ್ಸ್ ಬದಲಿಸುವುದೆಂದರೆ ಕ್ಯಾಮೆರಾದ ಒಡಲನ್ನು ಉಪ್ಪುಗಾಳಿಗೂ ಮರಳಿಗೂ ತೆರೆದಿಟ್ಟಂತೆ. ಯಾವ ಲೆನ್ಸ್ ಬೇಕೆಂಬುದನ್ನು ಕೊಠಡಿಯಲ್ಲಿಯೇ ನಿರ್ಧರಿಸಿ ಜೋಡಿಸಿಕೊಳ್ಳಬೇಕು. ಉಳಿದವು ಕೊಠಡಿಯ ತಿಜೋರಿಯಲ್ಲಿರಲಿ. ಈ ತಿಜೋರಿಗಳು ಸಾಮಾನ್ಯವಾಗಿ ಚಿಕ್ಕವು. ದೊಡ್ಡ ಲೆನ್ಸ್ ಅವುಗಳಲ್ಲಿ ಹಿಡಿಸದಿದ್ದರೆ ಬೀಗವಿರುವ ಸೂಟ್‌ಕೇಸಿನಲ್ಲಿಡಬಹುದು.

ಅದುವರೆಗೆ ತೆಗೆದ ಚಿತ್ರಗಳಿರುವ ಮೆಮೊರಿ ಕಾರ್ಡನ್ನು ಕ್ಯಾಮೆರಾದಿಂದ ತೆಗೆದು ಕೊಠಡಿಯಲ್ಲಿಟ್ಟು, ಖಾಲಿ ಕಾರ್ಡನ್ನು ಹಾಕಿಕೊಂಡು ಹೊರಡುವುದು ಎಲ್ಲಕ್ಕಿಂತ ಅಗ್ಗದ ಮತ್ತು ಉಪಯುಕ್ತವಾದ ಕ್ರಮ. ಆಗ ಕ್ಯಾಮೆರಾ ಕಳೆದರೂ ಒಂದು ದಿನದ ಚಿತ್ರಗಳಷ್ಟೇ ಹೋಗುತ್ತವೆ.

ಎರಡನೆಯ ಎಚ್ಚರಿಕೆ ಇಬ್ಬನಿಯದು. ಹೊರಗಿನ ಉಷ್ಣತೆ 31 ಡಿಗ್ರಿ ಸೆಲ್ಸಿಯಸ್, ಗಾಳಿಯ ಆರ್ದ್ರತೆ ಶೇ. 75 ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ತೇವ ಕಟ್ಟುತ್ತದೆ. ಹವಾನಿಯಂತ್ರಿತ ಕೊಠಡಿಯಲ್ಲಿ ರಾತ್ರಿಯಿಡೀ 22 ಡಿಗ್ರಿಯಲ್ಲಿದ್ದ ಕ್ಯಾಮೆರಾವನ್ನು ಒಮ್ಮೆಲೇ ಹೊರಗೆ ತಂದರೆ ಲೆನ್ಸ್ ಮಂಜಾಗುವುದು ಈ ಕಾರಣದಿಂದ. ಒರೆಸಿದರೆ ಹೊರಗಿನ ತೇವ ಹೋದೀತು, ಒಳಗೆ ಕಟ್ಟಿದ್ದು ಹೋಗದು. ಪರಿಹಾರ ಸುಲಭವಾಗಿದೆ. ಕ್ಯಾಮೆರಾವನ್ನು ಕೊಠಡಿಯಲ್ಲಿಯೇ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿ ತೆಗೆದು ಮುಚ್ಚಬೇಕು. ಹೊರಗೆ ಬಂದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಚೀಲವನ್ನು ತೆರೆಯಬಾರದು. ತೇವವೆಲ್ಲ ಚೀಲದ ಹೊರಮೈಗೆ ಕಟ್ಟಿಕೊಳ್ಳುತ್ತದೆ, ಕ್ಯಾಮೆರಾ ನಿಧಾನವಾಗಿ ಹೊರಗಿನ ಉಷ್ಣತೆಗೆ ಬರುತ್ತದೆ.

ದೋಣಿಗೆ ಇಳಿಯುವಾಗ

ಹಡಗು ಮತ್ತು ದೋಣಿ ಎರಡೂ ಅಲೆಯೊಂದಿಗೆ ಏರಿಳಿಯುತ್ತವೆ, ಆದರೆ ಒಂದೇ ಲಯದಲ್ಲಿ ಅಲ್ಲ. ಹೆಜ್ಜೆಯಿಡುವ ಆ ಕ್ಷಣದಲ್ಲಿ ಪ್ರಯಾಣಿಕರ ಎರಡೂ ಕೈಗಳು ಖಾಲಿ ಇರಬೇಕು. ಕೊರಳಿನಲ್ಲಿ ತೂಗುವ ಕ್ಯಾಮೆರಾ ಹಡಗಿನ ಒಡಲಿಗೆ ಬಡಿಯಬಹುದು. ಅದರ ಪಟ್ಟಿ ಕಂಬಿಗೆ ಸಿಕ್ಕಿದರೆ ವ್ಯಕ್ತಿಯೇ ಸಮತೋಲನ ಕಳೆದುಕೊಳ್ಳುವ ಸಂಭವವುಂಟು. ಇಳಿಯುವ ದೃಶ್ಯವನ್ನು ಚಿತ್ರೀಕರಿಸಬೇಕೆಂಬ ಆಸೆಯನ್ನು ಬಿಡುವುದು ಒಳಿತು.

ಬಾಗಿಲಿನ ಬಳಿ ಸಾಲಿನಲ್ಲಿ ನಿಲ್ಲುವ ಮೊದಲೇ ಕ್ಯಾಮೆರಾವು ಜಲನಿರೋಧಕ ಚೀಲದೊಳಗಿರಬೇಕು. ಬಾಯಿಯನ್ನು ಮೂರು ಬಾರಿ ಸುರುಳಿ ಸುತ್ತಿ ಕೊಂಡಿ ಹಾಕುವಂತಹ ಚೀಲಗಳು ಇದಕ್ಕೆ ಸೂಕ್ತ. ಒಳಗೆ ಸ್ವಲ್ಪ ಗಾಳಿ ಉಳಿಸಿ ಮುಚ್ಚಿದರೆ, ಭಾರ ಅತಿಯಾಗಿರದಿದ್ದಲ್ಲಿ, ಅಂತಹ ಚೀಲ ನೀರಿಗೆ ಬಿದ್ದರೂ ತೇಲುತ್ತದೆ. ಹೊಸ ಚೀಲವನ್ನು ಮನೆಯಲ್ಲಿಯೇ ಪರೀಕ್ಷಿಸಬೇಕು. ಒಳಗೆ ಒಣ ಕಾಗದವನ್ನಿಟ್ಟು, ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಅದುಮಿ ಹಿಡಿದು, ಕಾಗದ ಒದ್ದೆಯಾಗಿದೆಯೇ ಎಂದು ನೋಡಿದರೆ ಸಾಕು.

ಜೀವರಕ್ಷಕ ಜಾಕೆಟ್ ಮೈಗೆ ಅಂಟಿಕೊಂಡಿರಬೇಕು. ಚೀಲದ ಪಟ್ಟಿಗಳು ಅದರ ಮೇಲಿರಬೇಕೇ ಹೊರತು ಕೆಳಗಲ್ಲ. ಆಪತ್ತಿನಲ್ಲಿ ಚೀಲವನ್ನು ಕಳಚಿ ಎಸೆಯಲು ಅನುಕೂಲವಾಗಬೇಕು. ಸಿಬ್ಬಂದಿ ಕೇಳಿದರೆ ಚೀಲವನ್ನು ಅವರ ಕೈಗೆ ಕೊಟ್ಟು, ಇಳಿದ ಮೇಲೆ ಪಡೆಯುವುದೇ ಸರಿ. ನೀರಿಗೆ ಬಿದ್ದ ಕ್ಯಾಮೆರಾವನ್ನು ಹಿಡಿಯಲು ದೋಣಿಯ ಅಂಚಿಗೆ ಬಾಗುವುದು ಯಾವ ಕಾರಣಕ್ಕೂ ಕೂಡದು.

ಮರಳಿನಲ್ಲೂ ವ್ಯತ್ಯಾಸವಿದೆ

ಗೋವಾ ಮತ್ತು ಕರ್ನಾಟಕದ ಕರಾವಳಿಯ ಮರಳಿನಲ್ಲಿ ಸ್ಫಟಿಕ ಶಿಲೆಯ ಕಣಗಳು ಹೇರಳವಾಗಿವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಸ್ಫಟಿಕ ಶಿಲೆ 7, ಗಾಜು ಸುಮಾರು 5.5. ಅಂದರೆ ಈ ಮರಳು ಗಾಜನ್ನು ಗೀರಬಲ್ಲದು. ಲಕ್ಷದ್ವೀಪದ ಬಿಳಿ ಮರಳು ಹವಳ ಮತ್ತು ಚಿಪ್ಪುಗಳ ಪುಡಿ. ಅದರ ಮುಖ್ಯ ಖನಿಜವಾದ ಅರಗೊನೈಟ್‌ನ ಗಡಸುತನ 3.5ರಿಂದ 4. ಅದು ಗಾಜಿಗಿಂತ ಮೃದು. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಲೆನ್ಸಿನ ತಿರುಗುವ ಉಂಗುರಗಳಲ್ಲಿ, ಗುಂಡಿಗಳ ಸಂದಿಯಲ್ಲಿ, ಬ್ಯಾಟರಿ ಬಾಗಿಲಿನ ಅಂಚಿನಲ್ಲಿ ಎರಡೂ ಬಗೆಯ ಮರಳು ಒಂದೇ ರೀತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಜೂಮ್ ಮಾಡಿದಾಗ ಹೊರಚಾಚಿಕೊಳ್ಳುವ ಲೆನ್ಸ್‌ಗಳು ಗಾಳಿಯೊಂದಿಗೆ ಸೂಕ್ಷ್ಮ ಕಣಗಳನ್ನೂ ಒಳಗೆಳೆದುಕೊಳ್ಳಬಹುದು.

ಮರಳು ಅಂಟಿದ ಲೆನ್ಸನ್ನು ಬಟ್ಟೆಯಿಂದ ಉಜ್ಜುವುದು ದೊಡ್ಡ ತಪ್ಪು. ಮೊದಲು ರಬ್ಬರ್ ಊದುಗದಿಂದ ಊದಿ, ಬಳಿಕ ಮೃದುವಾದ ಕುಂಚದಿಂದ ತೆಗೆದು, ಕೊನೆಗಷ್ಟೇ ಬಟ್ಟೆ ಬಳಸಬೇಕು. ಮುಂಭಾಗಕ್ಕೆ ಒಂದು ಪಾರದರ್ಶಕ ಫಿಲ್ಟರ್ ಹಾಕಿದ್ದರೆ ಸಿಡಿಯುವ ಉಪ್ಪುನೀರು ಫಿಲ್ಟರಿನ ಮೇಲೆಯೇ ನಿಲ್ಲುತ್ತದೆ. ತುಂತುರುನಿರೋಧಕ ಎನಿಸಿದ ಕೆಲವು ಲೆನ್ಸ್‌ಗಳಲ್ಲಿ ಈ ಫಿಲ್ಟರ್ ಇದ್ದಾಗಲೇ ರಕ್ಷಣೆ ಪೂರ್ಣವಾಗುತ್ತದೆ.

ಮೈಗೆ ಹಚ್ಚಿದ ಸನ್‌ಸ್ಕ್ರೀನ್ ಲೇಪ ಬೆರಳಿನಿಂದ ಲೆನ್ಸಿಗೆ ಅಂಟಿದರೆ ಸುಲಭವಾಗಿ ಹೋಗುವುದಿಲ್ಲ. ಡೀಟ್ ಎಂಬ ರಾಸಾಯನಿಕವಿರುವ ಸೊಳ್ಳೆನಿವಾರಕಗಳು ಪ್ಲಾಸ್ಟಿಕ್ಕನ್ನೇ ಕರಗಿಸಬಲ್ಲವು. ಕೈ ತೊಳೆದು ಒರೆಸಿಕೊಂಡ ನಂತರವೇ ಕ್ಯಾಮೆರಾ ಮುಟ್ಟಬೇಕು.

ಉಪ್ಪು ಒಣಗಿದರೂ ಅಪಾಯ ಒಣಗದು

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಗಾಳಿಯ ಆರ್ದ್ರತೆ ಸುಮಾರು ಶೇ. 75ನ್ನು ಮೀರಿದಾಗ ಉಪ್ಪು ತಾನಾಗಿಯೇ ತೇವವನ್ನು ಹೀರಿ ನೀರಾಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒದ್ದೆಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಕ್ಯಾಮೆರಾದ ಮೇಲೆ ಒಣಗಿದ ತುಂತುರು ಕೂಡ ಹೀಗೆಯೇ ಪ್ರತಿ ರಾತ್ರಿ ಮತ್ತೆ ಒದ್ದೆಯಾಗಿ, ಬ್ಯಾಟರಿಯ ಸಂಪರ್ಕ ಬಿಂದುಗಳನ್ನೂ ತಿರುಪುಗಳನ್ನೂ ತುಕ್ಕು ಹಿಡಿಸುತ್ತದೆ. ಪ್ರವಾಸ ಮುಗಿದು ಕೆಲವು ವಾರಗಳ ಬಳಿಕ ಕ್ಯಾಮೆರಾ ಕೈಕೊಡುವುದಕ್ಕೆ ಇದೇ ಕಾರಣವಾಗಿರಬಹುದು.

‘ಜಲನಿರೋಧಕ’ ಎಂಬ ಪದದ ಅರ್ಥ

ಮೊಬೈಲ್ ಫೋನುಗಳ ಮೇಲೆ ಕಾಣುವ ಐಪಿ67 ಎಂಬ ಗುರುತಿನ ಅರ್ಥ, ಧೂಳು ಒಳಹೋಗದು ಮತ್ತು ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ಹಾನಿಯಾಗದು ಎಂದಷ್ಟೇ. ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪುನೀರಿನ ಭರವಸೆಯನ್ನು ಈ ಗುರುತು ನೀಡುವುದಿಲ್ಲ. ಫೋನು ಹಳೆಯದಾದಂತೆ ಅದರ ಅಂಟುಗಳು ಸಡಿಲಗೊಳ್ಳುತ್ತವೆ. ನೀರಿನಿಂದಾದ ಹಾನಿ ಸಾಮಾನ್ಯವಾಗಿ ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ.

ದೊಡ್ಡ ಕ್ಯಾಮೆರಾಗಳ ‘ಹವಾಮಾನ ರಕ್ಷಣೆ’ ತುಂತುರಿಗೆ ಸಾಲುತ್ತದೆ, ಮುಳುಗುವುದಕ್ಕೆ ಸಾಲದು. ಹವಳದ ಲಗೂನಿನಲ್ಲಿ ನೀರೊಳಗಿನ ಚಿತ್ರ ಬೇಕೆನ್ನುವವರು ಅದಕ್ಕೆಂದೇ ತಯಾರಾದ ಸಾಧನವನ್ನು ಬಳಸಬೇಕು. 2023ರಲ್ಲಿ ಬಂದ ಓಎಂ ಸಿಸ್ಟಮ್ ಟಿಜಿ-7 ಕ್ಯಾಮೆರಾಕ್ಕೆ 15 ಮೀಟರ್, ಗೋಪ್ರೊ ಹೀರೋ 5 ಮಾದರಿಗೆ ಹೊರಕವಚವಿಲ್ಲದೆ 10 ಮೀಟರ್ ಆಳದ ಮಿತಿಯನ್ನು ತಯಾರಕರು ನಿಗದಿಪಡಿಸಿದ್ದಾರೆ. ಇವುಗಳ ಬಾಗಿಲಿನ ರಬ್ಬರ್ ಅಂಚಿನಲ್ಲಿ ಒಂದು ಕೂದಲೆಳೆ ಅಥವಾ ಮರಳಿನ ಕಣ ಸಿಕ್ಕಿದ್ದರೂ ನೀರು ಒಳನುಗ್ಗುತ್ತದೆ. ಆದ್ದರಿಂದ ತೀರದಲ್ಲಿ ಬ್ಯಾಟರಿ ಬದಲಿಸದೆ, ಹಡಗಿನಲ್ಲಿಯೇ ಪೂರ್ತಿ ಚಾರ್ಜ್ ಮಾಡಿ ಹೊರಡಬೇಕು.

ದಡದಲ್ಲಿ ಕಾವಲು

ಗುಂಪಿನವರೆಲ್ಲ ಒಟ್ಟಿಗೆ ನೀರಿಗಿಳಿದು, ಟವೆಲಿನ ಕೆಳಗೆ ಅಥವಾ ಚಪ್ಪಲಿಯೊಳಗೆ ಫೋನು ಬಚ್ಚಿಡುವುದು ರಕ್ಷಣೆಯಲ್ಲ. ಸರದಿಯ ಮೇಲೆ ಒಬ್ಬರು ದಡದಲ್ಲಿ ಕುಳಿತಿರುವುದು ಇಂದಿಗೂ ಎಲ್ಲಕ್ಕಿಂತ ನಂಬಲರ್ಹವಾದ ಉಪಾಯ. ಒಬ್ಬರೇ ಪ್ರಯಾಣಿಸುವವರು ದೊಡ್ಡ ಕ್ಯಾಮೆರಾದ ದಿನ ಮತ್ತು ಈಜಿನ ದಿನ ಎಂದು ಬೇರ್ಪಡಿಸಿಕೊಳ್ಳಬಹುದು. ಚೀಲವನ್ನು ಅಲೆಯ ಗೆರೆಯಿಂದ ಸಾಕಷ್ಟು ದೂರದಲ್ಲಿ, ನೆರಳಿನಲ್ಲಿ, ನೆಲದಿಂದ ಮೇಲಕ್ಕೆ ಇಡಬೇಕು. ತೆಂಗಿನ ಮರದ ನೆರಳಾದರೆ ಕಾಯಿ ಬೀಳುವ ಅಪಾಯವನ್ನೂ ಮರೆಯಬಾರದು.

ಬಿಸಿಲಿನ ತಾಪವೂ ಲೆಕ್ಕಕ್ಕೆ ಬರುತ್ತದೆ. ಐಫೋನಿಗೆ ತಯಾರಕರು ಸೂಚಿಸಿರುವ ಬಳಕೆಯ ಉಷ್ಣತೆ 35 ಡಿಗ್ರಿಯವರೆಗೆ ಮಾತ್ರ. ಬಿಸಿಲಿನಲ್ಲಿ ಮುಚ್ಚಿಟ್ಟ ಕಪ್ಪು ಚೀಲದೊಳಗೆ ಉಷ್ಣತೆ ಈ ಮಿತಿಯನ್ನು ಬೇಗನೆ ದಾಟುತ್ತದೆ. ತಿಳಿಬಣ್ಣದ ಒಣ ಟವೆಲು ಹೊದಿಸಿದರೆ ಅನುಕೂಲ.

ನಿಯಮಗಳ ಅರಿವಿಲ್ಲದೆಯೂ ಉಪಕರಣ ಕೈತಪ್ಪಬಹುದು. ಲಕ್ಷದ್ವೀಪಕ್ಕೆ ಹೊರಗಿನವರು ಪ್ರವೇಶ ಪರವಾನಗಿ ಪಡೆದೇ ಹೋಗಬೇಕು. ಕವರತ್ತಿಯಲ್ಲಿ ಐಎನ್‌ಎಸ್ ದ್ವೀಪರಕ್ಷಕ, ಮಿನಿಕಾಯ್‌ನಲ್ಲಿ 2024ರ ಮಾರ್ಚ್ 6ರಂದು ಕಾರ್ಯಾರಂಭ ಮಾಡಿದ ಐಎನ್‌ಎಸ್ ಜಟಾಯು ನೌಕಾನೆಲೆಗಳಿವೆ. ರಕ್ಷಣಾ ನೆಲೆಗಳತ್ತ ಕ್ಯಾಮೆರಾ ತಿರುಗಿಸಬಾರದು. ಡ್ರೋನ್ ಒಯ್ಯುವ ಮೊದಲು ಹಡಗಿನ ಸಂಸ್ಥೆಯ ಮತ್ತು ಸ್ಥಳೀಯ ಆಡಳಿತದ ನಿಯಮಗಳನ್ನು ವಿಚಾರಿಸುವುದು ಅಗತ್ಯ.

ಸಮುದ್ರಕ್ಕೆ ಬಿದ್ದರೆ

ಕ್ಯಾಮೆರಾ ಉಪ್ಪುನೀರಿಗೆ ಬಿದ್ದಾಗ ಮೊದಲು ತೋರುವ ಕೆಲಸವೆಂದರೆ ಗುಂಡಿ ಒತ್ತಿ ಇನ್ನೂ ನಡೆಯುತ್ತಿದೆಯೇ ಎಂದು ನೋಡುವುದು. ಅದನ್ನೇ ಮಾಡಬಾರದು. ಉಪ್ಪುನೀರು ಉತ್ತಮ ವಿದ್ಯುದ್ವಾಹಕ. ಚಾಲೂ ಮಾಡಿದೊಡನೆ ಒಳಗಿನ ಮಂಡಲಗಳು ಸುಟ್ಟುಹೋಗಬಹುದು. ತಕ್ಷಣ ಬ್ಯಾಟರಿ ಮತ್ತು ಕಾರ್ಡನ್ನು ಹೊರತೆಗೆಯಬೇಕು. ಕಾರ್ಡನ್ನು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದರೆ ಚಿತ್ರಗಳು ಉಳಿಯುವ ಸಾಧ್ಯತೆ ಸಾಕಷ್ಟಿದೆ. ನೆನೆದ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡುವುದು ಬೆಂಕಿಗೆ ಆಹ್ವಾನವಿತ್ತಂತೆ.

ಅಕ್ಕಿಯ ಡಬ್ಬದಲ್ಲಿ ಹೂತಿಡುವ ಮನೆಮದ್ದು ಪ್ರಯೋಜನಕಾರಿಯಲ್ಲ. ಅಕ್ಕಿಯ ಪುಡಿ ಒಳಸೇರಿ ಹಾನಿ ಮಾಡಬಹುದೆಂದು ಆಪಲ್ ಸಂಸ್ಥೆ ತನ್ನ ಬಳಕೆದಾರರಿಗೆ ನೀಡುವ ಸೂಚನೆಯಲ್ಲಿಯೇ ಹೇಳಿದೆ. ಅಕ್ಕಿಯಾಗಲಿ ಸಿಲಿಕಾ ಜೆಲ್ ಆಗಲಿ ನೀರನ್ನು ಹೀರಬಹುದು, ಉಪ್ಪನ್ನು ಹೀರಲಾರದು. ಊರು ಸೇರಿದೊಡನೆ ದುರಸ್ತಿ ಕೇಂದ್ರಕ್ಕೆ ಒಯ್ಯುವಾಗ ಬಿದ್ದದ್ದು ಸಮುದ್ರದ ನೀರಿಗೆ ಎಂಬುದನ್ನು ಮರೆಮಾಚದೆ ತಿಳಿಸಬೇಕು.

ಹಡಗಿಗೆ ಮರಳಿದ ಬಳಿಕ

ಸ್ನಾನಕ್ಕೂ ಊಟಕ್ಕೂ ಮುನ್ನ ಹತ್ತು ನಿಮಿಷ ಕ್ಯಾಮೆರಾಕ್ಕೆ ಮೀಸಲಿರಲಿ. ಮರಳನ್ನು ಊದಿ ತೆಗೆದು, ಸಿಹಿನೀರಿನಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಬಟ್ಟೆಯಿಂದ ಹೊರಮೈಯನ್ನು ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು. ನೀರೊಳಗಿನ ಕ್ಯಾಮೆರಾವನ್ನು ಬಾಗಿಲು ತೆರೆಯದೆಯೇ ಸಿಹಿನೀರಿನಲ್ಲಿ ನೆನೆಸಿಡಬೇಕು. ಕೊಠಡಿಯ ಬಾಲ್ಕನಿಯಲ್ಲಿ ಒಣಗಲು ಇಡುವುದು ಸಲ್ಲದು, ಅಲ್ಲಿಯೂ ಉಪ್ಪುಗಾಳಿಯೇ ಇರುತ್ತದೆ. ಅಂದಿನ ಚಿತ್ರಗಳ ಪ್ರತಿಯನ್ನು ಅಂದೇ ಬೇರೆಡೆ ಉಳಿಸಿಕೊಳ್ಳಬೇಕು.

ಮನೆಗೆ ಬಂದ ಮೇಲೆ ಲೆನ್ಸನ್ನು ಒದ್ದೆಯಾದ ಚೀಲದಲ್ಲಿಯೇ ಬಿಟ್ಟರೆ ಶಿಲೀಂಧ್ರ ಬೆಳೆಯುತ್ತದೆ. ಶೇ. 40ರಿಂದ 50ರ ಆರ್ದ್ರತೆ ಲೆನ್ಸಿಗೆ ಹಿತಕರ. ಗಾಳಿಯಾಡದ ಡಬ್ಬ ಮತ್ತು ಸಿಲಿಕಾ ಜೆಲ್ ಇದ್ದರೆ ಸಾಕು.

ವಿಮೆ, ದೂರು ಮತ್ತು ಸುಂಕ

ಪ್ರವಾಸಿ ವಿಮೆಗಳಲ್ಲಿ ಒಂದೊಂದು ವಸ್ತುವಿಗೂ ಪರಿಹಾರದ ಮಿತಿಯಿರುವುದು ಸಾಮಾನ್ಯ. ಕಾವಲಿಲ್ಲದೆ ಬಿಟ್ಟ ವಸ್ತು ಕಳುವಾದರೆ ಪರಿಹಾರವಿಲ್ಲವೆಂಬ ಷರತ್ತೂ ಹಲವು ಪಾಲಿಸಿಗಳಲ್ಲಿರುತ್ತದೆ. ಹೊರಡುವ ಮೊದಲು ಈ ಎರಡು ಅಂಶಗಳನ್ನು ಓದಿಕೊಳ್ಳಬೇಕು. ಕ್ಯಾಮೆರಾ ಮತ್ತು ಲೆನ್ಸಿನ ಕ್ರಮಸಂಖ್ಯೆ, ಖರೀದಿ ರಸೀದಿ ಹಾಗೂ ಫೋನಿನ ಐಎಂಇಐ ಸಂಖ್ಯೆಯನ್ನು ಬೇರೆಡೆ ಬರೆದಿಟ್ಟುಕೊಳ್ಳಬೇಕು.

ಕಳವಾದಾಗ ಹಡಗು ಹೊರಡುವ ಹೊತ್ತು ಯಾರಿಗಾಗಿಯೂ ಕಾಯದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಅಪರಾಧ ನಡೆದ ಸ್ಥಳ ಯಾವುದೇ ಇರಲಿ, ಗಂಭೀರ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಿಯಾದರೂ ನೀಡಬಹುದು. ಕಳವು ಈ ಗುಂಪಿಗೆ ಸೇರದ ಸಂದರ್ಭಗಳೂ ಇರುವುದರಿಂದ ದಡದಲ್ಲಿಯೇ ದೂರಿನ ಪ್ರತಿ ಪಡೆಯುವುದು ಉತ್ತಮ. ಹಡಗಿನ ಅತಿಥಿ ವಿಭಾಗಕ್ಕೂ ಲಿಖಿತವಾಗಿ ತಿಳಿಸಬೇಕು.

ವಿದೇಶಿ ಬಂದರಿಗೆ ಹೋಗುವ ಯಾನವಾದರೆ, ದುಬಾರಿ ಕ್ಯಾಮೆರಾಕ್ಕೆ ಹೊರಡುವಾಗಲೇ ಸುಂಕ ಇಲಾಖೆಯಿಂದ ರಫ್ತು ಪ್ರಮಾಣಪತ್ರ ಪಡೆದಿದ್ದರೆ, ಮರಳಿ ಬರುವಾಗ ಅದು ತಮ್ಮದೇ ಹಳೆಯ ವಸ್ತುವೆಂದು ಸಾಧಿಸುವುದು ಸುಲಭ.

ಹೊರಡುವ ಮುನ್ನ ನೆನಪಿಡಬೇಕಾದವು

* ಹಳೆಯ ಚಿತ್ರಗಳ ಕಾರ್ಡ್ ಕೊಠಡಿಯಲ್ಲಿ, ಖಾಲಿ ಕಾರ್ಡ್ ಕ್ಯಾಮೆರಾದಲ್ಲಿ.
* ಒಂದೇ ಲೆನ್ಸ್, ಪೂರ್ತಿ ಚಾರ್ಜ್ ಆದ ಬ್ಯಾಟರಿ.
* ಮುಚ್ಚಿದ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಪರೀಕ್ಷಿಸಿದ ಜಲನಿರೋಧಕ ಚೀಲ.
* ಊದುಗ, ಕುಂಚ, ಎರಡು ಒಣ ಬಟ್ಟೆ.
* ದೋಣಿಗೆ ಇಳಿಯುವಾಗ ಮತ್ತು ಏರುವಾಗ ಎರಡೂ ಕೈ ಖಾಲಿ.
* ಸಂಜೆ ಸಿಹಿನೀರಿನ ಒರೆಸು, ಚಿತ್ರಗಳ ಪ್ರತಿ.