ಬೈಲು, ಮಜಲು, ಬೆಟ್ಟು: ಫರಂಗಿಪೇಟೆಯ ಗದ್ದೆಗಳ ಕಥೆ

ಕರಾವಳಿಯ ಕ್ರೈಸ್ತರು ಪ್ರತಿವರ್ಷ ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬವು ಕನ್ಯಾ ಮರಿಯಮ್ಮನವರ ಜನ್ಮದಿನವೂ ಹೌದು, ಹೊಸ ಅಕ್ಕಿಯ ಊಟದ ದಿನವೂ ಹೌದು. ಚರ್ಚ್‌ನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುವುದು ವಾಡಿಕೆ. ಗೋವೆಯ ಪಾದ್ರಿ ಜೋಕಿಂ ಮಿರಾಂದಾ ಅವರು 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಈ ಹಬ್ಬವನ್ನು ಆರಂಭಿಸಿದರು, 'ಮೊಂತಿ' ಎಂಬ ಹೆಸರೂ ಅಲ್ಲಿಂದಲೇ ಬಂತು ಎಂಬುದು ಪ್ರತೀತಿ. ಸುತ್ತಲಿನ ತುಳುವರ ಮನೆಗಳಲ್ಲೂ ಏಣೆಲು ಬೆಳೆ ಬಲಿಯುವ ಹೊತ್ತಿಗೆ ತೆನೆ ಕಟ್ಟಿ, 'ಪುದ್ವಾರ್' ಎಂಬ ಹೊಸ ಅಕ್ಕಿ ಊಟ ಮಾಡುತ್ತಾರೆ. ದೇವರು ಬೇರೆಯಾದರೂ ತೆನೆ ಒಂದೇ.

ಆದರೆ ಈಗ ಆ ತೆನೆಯೇ ಅಪರೂಪವಾಗಿದೆ. ಹಬ್ಬಕ್ಕೆ ಬೇಕಾದ ತೆನೆಗೆಂದೇ ಕೆಲವೆಡೆ ಒಂದಿಷ್ಟು ಭತ್ತ ಬಿತ್ತಬೇಕಾಗಿದೆ. ಶತಮಾನಗಳ ಕಾಲ ಹೊರಗಿನವರಿಗೆ ಅಕ್ಕಿ ಕಳುಹಿಸಿದ ನಾಡಿನಲ್ಲಿ ಹೀಗಾದುದು ಹೇಗೆ?

ಬಂಟ್ವಾಳ ತಾಲೂಕಿನ ಪುದು ಗ್ರಾಮಕ್ಕೆ ಸೇರಿದ ಫರಂಗಿಪೇಟೆ ನೇತ್ರಾವತಿಯ ಉತ್ತರ ದಂಡೆಯಲ್ಲಿದೆ. ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ ಸಾಗುವವರಿಗೆ ಅದು ಅಂಗಡಿಸಾಲುಗಳ ಒಂದು ಪೇಟೆ. 1801ರಲ್ಲಿ ಈ ದಾರಿಯಲ್ಲಿ ಬಂದ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕಂಡದ್ದು ಬೇರೆಯೇ ಚಿತ್ರ. ಅರ್ಕುಳವೆಂದೂ ಕರೆಯಲ್ಪಡುವ ಈ ಊರು ಇಕ್ಕೇರಿ ಅರಸರ ಆಹ್ವಾನದ ಮೇರೆಗೆ ನೆಲೆಸಿದ ಕೊಂಕಣಿ ಕ್ರೈಸ್ತರದ್ದಾಗಿತ್ತು, ಆದ್ದರಿಂದಲೇ ಅದಕ್ಕೆ ಫರಂಗಿಪೇಟೆ ಎಂಬ ಹೆಸರು ಬಂತು, ಹಿಂದೆ ಅದು ದೊಡ್ಡ ಪಟ್ಟಣವಾಗಿತ್ತು ಎಂದು ಆತ ಬರೆದಿಟ್ಟಿದ್ದಾನೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಊರು ಬರಿದಾಯಿತು. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕವಷ್ಟೇ ಬದುಕುಳಿದವರು ಮರಳತೊಡಗಿದರು.

ಪಟ್ಟಣ ಹಾಳಾದರೂ ಹಳ್ಳಿಯ ಬೇಸಾಯಕ್ಕೆ ತನ್ನದೇ ವ್ಯವಸ್ಥೆಯಿತ್ತು. ಅದರ ಮೂಲ ನೀರು. ಗುಡ್ಡಗಳ ನಡುವಿನ ತಗ್ಗಿನಲ್ಲಿ, ತೋಡಿನ ಬದಿಗೆ ಇರುವ ಗದ್ದೆ ಬೈಲು. ಅದಕ್ಕಿಂತ ಮೇಲಿನದು ಮಜಲು. ಇನ್ನೂ ಮೇಲೆ, ಮಳೆನೀರನ್ನೇ ನಂಬಿರುವುದು ಬೆಟ್ಟು. ಬುಕಾನನ್ ಕೂಡ ಈ ಮೂರು ವರ್ಗಗಳನ್ನು ಇದೇ ಹೆಸರುಗಳಿಂದ ದಾಖಲಿಸಿದ್ದಾನೆ. ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಏಣೆಲಿನ ನಂತರ ಸುಗ್ಗಿ. ಬೈಲಿನಲ್ಲಿ ಇವೆರಡರ ಜೊತೆಗೆ ಬೇಸಿಗೆಯ ಕೊಳಕೆಯೂ ಸೇರಿ ಮೂರು ಬೆಳೆ.

ಕೊಳಕೆ ಬೆಳೆಯಬೇಕಾದರೆ ಮಳೆ ನಿಂತ ಮೇಲೆ ಹಳ್ಳಿಯವರು ಒಟ್ಟು ಸೇರಿ ತೋಡಿಗೆ ಮಣ್ಣು, ಕಲ್ಲು, ಸೊಪ್ಪುಗಳಿಂದ 'ಕಟ್ಟ' ಹಾಕಬೇಕಿತ್ತು. ಮೇಲಿನ ಗದ್ದೆಯವನು ನೀರು ಬಿಟ್ಟರೆ ಮಾತ್ರ ಕೆಳಗಿನ ಗದ್ದೆಗೆ ನೀರು. ಹೀಗಾಗಿ ನೆರೆಹೊರೆಯವರಲ್ಲಿ ಮಾತುಕತೆ ಮುರಿದರೂ ನೀರಿನ ಸರದಿ ಮುರಿಯುವಂತಿರಲಿಲ್ಲ. ಕಾಲುವೆಯ ಕೆಲಸಕ್ಕೆ ಅರಸೊತ್ತಿಗೆಯೂ ಹೊರತಾಗಿರಲಿಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಾಣಲು ಗುರುಪುರ ಸಮೀಪದ ಮಣೇಲಿಗೆ ಹೋದಾಗ, ಆಕೆ ಹೊಸದಾಗಿ ತೋಡಿಸುತ್ತಿದ್ದ ನೀರಿನ ಕಾಲುವೆಗಳ ಉಸ್ತುವಾರಿಗೆ ಕಾಲ್ನಡಿಗೆಯಲ್ಲೇ ಹೊರಟಿದ್ದಳು.

ಗೊಬ್ಬರಕ್ಕೆ ಗದ್ದೆಯ ಅಂಚಿನ ಕುಮ್ಕಿ ಗುಡ್ಡದ ಸೊಪ್ಪು ಮತ್ತು ಹಟ್ಟಿಯ ಗೊಬ್ಬರ, ಉಳುಮೆಗೆ ಕೋಣ ಅಥವಾ ಎತ್ತು, ಬಿತ್ತನೆಗೆ ಕಯಮೆ, ಅತಿಕಾರೆ ಮುಂತಾದ ಊರ ತಳಿಗಳು. ನೇಜಿ ನೆಡುವ ಹೆಂಗಸರು ಪಾಡ್ದನ ಹಾಡುತ್ತ ಸಾಲು ಹಿಡಿಯುತ್ತಿದ್ದರು. ಒಕ್ಕಿದ ಭತ್ತವನ್ನು ಬೇಯಿಸಿ, ಕುಟ್ಟಿ, ಬೈಹುಲ್ಲಿನಲ್ಲಿ ಸುತ್ತಿ ಬಿಗಿದರೆ ಅಕ್ಕಿ ಮುಡಿ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ ಎಂಬುದು ಈ ಭಾಗದ ಲೆಕ್ಕ.

ಈ ಅಕ್ಕಿ ಬೆಳೆದವನ ಮನೆಯಲ್ಲಿ ಉಳಿಯುತ್ತಿದ್ದುದು ಕಡಿಮೆ. ನೇತ್ರಾವತಿಯ ದೋಣಿಗಳು ಬಂಟ್ವಾಳ, ಪಾಣೆಮಂಗಳೂರುಗಳ ಸರಕನ್ನು ಮಂಗಳೂರು ಬಂದರಿಗೆ ಇಳಿಸುತ್ತಿದ್ದವು. ಮಂಗಳೂರು, ಬಸರೂರು ಬಂದರುಗಳ ಅಕ್ಕಿ ಪೋರ್ಚುಗೀಸರ ಕಾಲದಲ್ಲಿ ಗೋವೆಗೂ, ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ಗೂ ಹೋಗುತ್ತಿತ್ತು. ಹಳ್ಳಿಯೊಳಗೆ ಭೂಮಿಯ ಒಡೆಯನಿಗೆ ಗೇಣಿ ಸಲ್ಲಬೇಕಿತ್ತು. ಮೂಲಗೇಣಿಯವನಿಗೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನನ್ನು ಮಾತ್ರ ಒಡೆಯ ಮನಸ್ಸು ಬಂದಾಗ ಎಬ್ಬಿಸಬಹುದಿತ್ತು. ಇವರಿಗೂ ಕೆಳಗೆ, ತಲೆಮಾರುಗಳಿಂದ ಒಂದೇ ಮನೆಗೆ ದುಡಿಯುವ 'ಮೂಲದಾಳು'ಗಳಿದ್ದರು. 1843ರ ಕಾನೂನು ಗುಲಾಮಗಿರಿಗೆ ಮಾನ್ಯತೆಯನ್ನು ತೆಗೆದುಹಾಕಿದರೂ ಸಾಲದ ಕಟ್ಟು ಅವರನ್ನು ಅದೇ ಅಂಗಳದಲ್ಲಿ ನಿಲ್ಲಿಸಿತ್ತು.

ಆಟಿ ತಿಂಗಳು ಬಂದರೆ ಈ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಹಳೆಯ ಅಕ್ಕಿ ಮುಗಿದು ಹೊಸ ಪೈರು ಇನ್ನೂ ಹಸಿರಾಗಿರುವ ಕಾಲವದು. ಇಂದು ವೇದಿಕೆಯ ಮೇಲೆ 'ಆಟಿಡೊಂಜಿ ದಿನ'ದ ತಿನಿಸುಗಳಾಗಿ ಬಡಿಸುವ ತಗತೆ ಸೊಪ್ಪು, ಕಣಿಲೆ, ಹಲಸಿನ ಬೀಜಗಳು ಅಂದು ಅಕ್ಕಿಯಿಲ್ಲದವರು ಹೊಟ್ಟೆ ತುಂಬಿಸಿಕೊಂಡ ಬಗೆ.

ಅಕ್ಕಿಯ ನಾಡುಗಳ ಕಥೆ ಎಲ್ಲೆಡೆ ಹೆಚ್ಚುಕಡಿಮೆ ಇದೇ. ಇಂಡೋನೇಷ್ಯಾದ ಜಾವಾ ದ್ವೀಪದಲ್ಲೂ ನೀರು ನಿಲ್ಲಿಸಿ ಬೆಳೆಯುವ ಗದ್ದೆಗಳಿವೆ. ಅವುಗಳಿಗೆ 'ಸಾವಾ' ಎಂದು ಹೆಸರು. ಹಳ್ಳಿಯನ್ನು ಅಲ್ಲಿ 'ದೇಸಾ' ಎನ್ನುತ್ತಾರೆ, ಭತ್ತದ ದೇವತೆ 'ದೇವಿ ಶ್ರೀ'. 1830ರಿಂದ ಡಚ್ಚರು ಅಲ್ಲಿನ ಹಳ್ಳಿಗಳ ಐದನೇ ಒಂದು ಪಾಲು ಭೂಮಿಯಲ್ಲಿ ರಫ್ತಿಗಾಗಿ ಕಬ್ಬು, ನೀಲಿ ಮುಂತಾದ ಬೆಳೆಗಳನ್ನು ಬೆಳೆಸಿದರು. ಜಾವಾದ ರೈತನ ಗದ್ದೆಗೆ ಪರರ ಬೆಳೆ ಬಂತು, ತುಳುನಾಡಿನ ರೈತನ ಗದ್ದೆಯಿಂದ ಅವನ ಬೆಳೆಯೇ ಹೊರಟುಹೋಯಿತು.

ಈ ಚರಿತ್ರೆ ತಿರುವು ಪಡೆದದ್ದು 1974ರಲ್ಲಿ. ದೇವರಾಜ ಅರಸು ಸರಕಾರ ತಂದ ಭೂಸುಧಾರಣಾ ತಿದ್ದುಪಡಿ ಆ ವರ್ಷದ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಭೂಮಿ ಸರಕಾರದ ವಶವಾಯಿತು. ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದ ಗೇಣಿದಾರರು ಭೂ ನ್ಯಾಯಮಂಡಳಿಗಳ ಮುಂದೆ ನಿಂತು ತಾವು ಉಳುತ್ತಿದ್ದ ಗದ್ದೆಗೆ ಹಕ್ಕುದಾರರಾದರು. ಗೇಣಿ ಪದ್ಧತಿ ವ್ಯಾಪಕವಾಗಿದ್ದ ದಕ್ಷಿಣ ಕನ್ನಡದಲ್ಲಿ ಇದರ ಪರಿಣಾಮ ದೊಡ್ಡದು. ಆದರೆ ಹಕ್ಕು ಸಿಕ್ಕಿದ್ದು ಗೇಣಿದಾರನಿಗೆ. ನೇಜಿ ನೆಟ್ಟ ಕೂಲಿಯಾಳಿಗೆ ಕಾಯಿದೆ ಕೊಟ್ಟದ್ದು ಹೆಚ್ಚೆಂದರೆ ಗುಡಿಸಲಿನ ಅಡಿಯ ಜಾಗ. ಅದೇ 1974ರಲ್ಲಿ ನೇತ್ರಾವತಿಯ ನೆರೆ ದಂಡೆಯ ಊರುಗಳನ್ನು ಮುಳುಗಿಸಿತು. 1923ರ 'ಮಾರಿ ಬೊಳ್ಳ'ದ ನಂತರ ಹಿರಿಯರು ನೆನೆಯುವ ಎರಡನೆಯ ದೊಡ್ಡ ನೆರೆಯಿದು.

ಗದ್ದೆ ಉಳುವವನದಾಯಿತು. ಅಷ್ಟರಲ್ಲೇ ಗದ್ದೆಯ ಲೆಕ್ಕಾಚಾರವೂ ಬದಲಾಗತೊಡಗಿತ್ತು. ನದಿದಂಡೆಯ ಗದ್ದೆಗಳ ಜೇಡಿಮಣ್ಣು 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಮಂಗಳೂರು ಹೆಂಚಿನ ಉದ್ಯಮಕ್ಕೆ ಮೊದಲಿನಿಂದಲೂ ಹೋಗುತ್ತಿತ್ತು. ಹೆಂಗಸರಿಗೆ ಮನೆಯಲ್ಲೇ ಬೀಡಿ ಕಟ್ಟುವ ಕೆಲಸ ಸಿಕ್ಕಿತು, ಗಂಡಸರು ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋದರು. ಪಂಪ್‌ಸೆಟ್ ಬಂದ ಮೇಲೆ ನೆರೆಯವನ ನೀರಿನ ಸರದಿ ಕಾಯಬೇಕಾಗಲಿಲ್ಲ, ಮಜಲು ಗದ್ದೆಯಲ್ಲಿ ಅಡಿಕೆ ತೋಟ ಎದ್ದಿತು. ಹೆದ್ದಾರಿ ಬದಿಯ ಬೆಟ್ಟು ಗದ್ದೆ ಮನೆ ನಿವೇಶನವಾಯಿತು. ಭತ್ತದ ಬೆಲೆ ಕೂಲಿಯ ಖರ್ಚಿಗೂ ಸಾಲದಾದಾಗ ಉಳಿದ ಗದ್ದೆ ಹಡಿಲು ಬಿತ್ತು.

ನಷ್ಟವಾದದ್ದು ಅಕ್ಕಿ ಮಾತ್ರವಲ್ಲ. ಮಳೆಗಾಲವಿಡೀ ಗದ್ದೆಯಲ್ಲಿ ನಿಂತು ಇಂಗುತ್ತಿದ್ದ ನೀರು ಸುತ್ತಲಿನ ಬಾವಿಗಳನ್ನು ತುಂಬುತ್ತಿತ್ತು. ಕೊಳಕೆಯ ಕಟ್ಟ ತೋಡಿನ ನೀರನ್ನು ಬೇಸಿಗೆಗೂ ಹಿಡಿದಿಡುತ್ತಿತ್ತು. ಫರಂಗಿಪೇಟೆಯ ಪಕ್ಕದ ತುಂಬೆಯಲ್ಲಿರುವ ಕಿಂಡಿ ಅಣೆಕಟ್ಟು ಮಂಗಳೂರು ನಗರಕ್ಕೆ ಕುಡಿಯುವ ನೀರು ಒದಗಿಸುತ್ತದೆ. ಬೇಸಿಗೆಯಲ್ಲಿ ಅದರ ನೀರಿನ ಮಟ್ಟ ಇಳಿದರೆ ನಗರವೇ ಕಂಗಾಲಾಗುತ್ತದೆ. ಮೇಲಿನ ಹಳ್ಳಿಗಳ ಬೈಲುಗಳಿಗೂ ಈ ಆತಂಕಕ್ಕೂ ಸಂಬಂಧವಿದೆ ಎಂಬುದು ನಗರಕ್ಕೆ ಹೊಳೆಯುವುದು ತಡವಾಗಿ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿಯನ್ನು ಮತ್ತೆ ಉಳುವ ಆಂದೋಲನ ನಡೆದಾಗ ಮುಚ್ಚಿಹೋದ ತೋಡುಗಳ ಹೂಳೆತ್ತುವುದೂ ಒಂದು ಮುಖ್ಯ ಕೆಲಸವಾಗಿತ್ತು.

ಬೈಲು, ಮಜಲು, ಬೆಟ್ಟು ಎಂಬ ಪದಗಳು ಈಗಲೂ ಮನೆತನಗಳ ಹೆಸರಿನಲ್ಲಿ, ಬಸ್ ನಿಲ್ದಾಣಗಳ ಫಲಕದಲ್ಲಿ ಉಳಿದಿವೆ. ಒಡೆಯನ ಗದ್ದೆಯಲ್ಲಿ ಬೆಳೆದ ಅಕ್ಕಿ ಶತಮಾನಗಳ ಕಾಲ ಉಳುವವನ ಕೈ ತಪ್ಪಿ ಹೋಗುತ್ತಿತ್ತು. ಗದ್ದೆ ಅವನ ಕೈಗೆ ಬಂದ ಒಂದೆರಡು ತಲೆಮಾರುಗಳಲ್ಲೇ ಅಕ್ಕಿ ಗದ್ದೆಯನ್ನೇ ಬಿಟ್ಟುಹೋಯಿತು. ಸೆಪ್ಟೆಂಬರ್‌ನಲ್ಲಿ ಮೊಂತಿ ಹಬ್ಬದ ತೆನೆಗಾಗಿ, ಪುದ್ವಾರಿನ ಹಿಡಿ ಹೊಸ ಅಕ್ಕಿಗಾಗಿ ಹುಡುಕಾಡುವ ಎರಡೂ ಮನೆಗಳವರಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.