ತಿರುಪುಗಳ ಹಿಂದಿನ ಕಥೆ

ಹಾರ್ಮೋನಿಯಮ್ಮಿಗೆ ತಿದಿಯುಂಟು, ವೀಣೆಗೆ ತಂತಿಯುಂಟು, ಕೊಳಲಿಗೆ ಉಸಿರು ಬೇಕು. ಇಂಥ ವಾದ್ಯಗಳನ್ನು ಕಲಿಯಹೊರಟವರಿಗೆ ಎಲ್ಲಿ ಮುಟ್ಟಿದರೆ ಏನಾಗುವುದೆಂಬುದು ಕಣ್ಣಿಗೇ ಕಾಣುತ್ತದೆ. ಆದರೆ ಈಗ ಮೊಬೈಲ್ ಫೋನಿನೊಳಗೆ ಬಂದು ಕುಳಿತಿರುವ ಒಂದು ಬಗೆಯ ವಾದ್ಯಕ್ಕೆ ತಿದಿಯೂ ಇಲ್ಲ, ತಂತಿಯೂ ಇಲ್ಲ. ಗಾಜಿನ ಮೇಲೆ ಮೂಡಿದ ಒಂದು ಸ್ವರಮಣೆ, ಅದರ ಮೇಲೆ ಏಳೆಂಟು ತಿರುಪುಗಳ ಚಿತ್ರ, ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಹೆಸರು: ಲೂಪ್, ಅಟ್ಯಾಕ್, ಡಿಕೇ, ಸಸ್ಟೈನ್, ರಿಲೀಸ್, ಫಿಲ್ಟರ್. ಈ ವಾದ್ಯಕ್ಕೆ ಸ್ಯಾಂಪ್ಲರ್ ಎಂದು ಹೆಸರು. ಹೊರಗಿನ ಯಾವುದಾದರೊಂದು ನಾದದ ತುಣುಕನ್ನು ಹಿಡಿದಿಟ್ಟುಕೊಂಡು, ಅದನ್ನೇ ಮಣೆಯ ಎಲ್ಲ ಸ್ವರಗಳಲ್ಲೂ ನುಡಿಸುವುದು ಇದರ ಕೆಲಸ. ಆ ತುಣುಕು ಪಿಯಾನೋದ್ದಾಗಬಹುದು, ನಿಮ್ಮ ಅಡಿಗೆಮನೆಯ ಹಿತ್ತಾಳೆ ತಟ್ಟೆಯದೂ ಆಗಬಹುದು.

ಮನೆಯ ಮಕ್ಕಳು ಈ ತಿರುಪುಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಿ, ಏನೋ ಬದಲಾಯಿತೆಂದು ಬೆರಗಾಗಿ, ಏಕೆ ಬದಲಾಯಿತೆಂದು ತಿಳಿಯದೆ ಬೇಸತ್ತು ಬಿಟ್ಟುಬಿಡುವುದುಂಟು. ಇವುಗಳ ಗುಟ್ಟನ್ನು ತಿಳಿಯಲು ಒಂದು ಸುಲಭವಾದ ದಾರಿಯಿದೆ. ಪ್ರತಿಯೊಂದು ತಿರುಪೂ ಯಾವುದೋ ಒಂದು ಕಾಲದಲ್ಲಿ, ಯಾರಿಗೋ ಎದುರಾದ ಒಂದು ಕೊರತೆಯಿಂದ ಹುಟ್ಟಿದ್ದು. ಆ ಕೊರತೆ ಏನೆಂದು ತಿಳಿದರೆ ತಿರುಪಿನ ಅರ್ಥ ತಾನಾಗಿಯೇ ತಿಳಿಯುತ್ತದೆ.

ಈ ಕಥೆ ಆರಂಭವಾಗುವುದು ಯಾವ ಕಾರ್ಖಾನೆಯಲ್ಲೂ ಅಲ್ಲ, ಒಂದು ರೇಡಿಯೋ ನಿಲಯದಲ್ಲಿ. ಪ್ಯಾರಿಸ್ಸಿನ ಫ್ರೆಂಚ್ ರೇಡಿಯೋದಲ್ಲಿ ಪಿಯೇರ್ ಶೆಫೇರ್ ಎಂಬ ಎಂಜಿನಿಯರ್ ಇದ್ದ. ಆತ ಬಾಟಿನ್ಯೋಲ್ ರೈಲು ನಿಲ್ದಾಣಕ್ಕೆ ಹೋಗಿ ಉಗಿಬಂಡಿಗಳ ಸದ್ದನ್ನು ಮುದ್ರಿಸಿಕೊಂಡು ಬಂದು, ಅದರಿಂದಲೇ ಒಂದು ಕೃತಿಯನ್ನು ಕಟ್ಟಿದ. 1948ರ ಅಕ್ಟೋಬರ್ 5ರಂದು ಅದು ಮತ್ತೆ ಕೆಲವು ಅಂಥದೇ ಕೃತಿಗಳೊಡನೆ ಪ್ರಸಾರವಾಯಿತು. ಆಗ ಅವನ ಕೈಯಲ್ಲಿದ್ದದ್ದು ತಟ್ಟೆಮುದ್ರಣದ ಯಂತ್ರ ಮಾತ್ರ. ಗ್ರಾಮಫೋನ್ ತಟ್ಟೆಯ ಗೆರೆ ಸುರುಳಿಸುರುಳಿಯಾಗಿ ಒಳಕ್ಕೆ ಸಾಗುವುದು ನಿಮಗೆ ಗೊತ್ತೇ ಇದೆ. ಆ ಗೆರೆ ತನ್ನನ್ನು ತಾನೇ ಕೂಡಿಕೊಂಡು ವೃತ್ತವಾಗಿಬಿಟ್ಟರೆ ಮುಳ್ಳು ಅಲ್ಲಿಯೇ ಸುತ್ತುತ್ತದೆ. ಅದೇ ಸದ್ದು ಮತ್ತೆ ಮತ್ತೆ ಬರುತ್ತದೆ. ಬೇರೆಯವರಿಗೆ ಅದು ಕೆಟ್ಟ ತಟ್ಟೆ. ಶೆಫೇರನಿಗೆ ಅದು ಒಂದು ಸಾಧನ. ಇಂದು ನಿಮ್ಮ ಫೋನಿನಲ್ಲಿ ಲೂಪ್ ಎಂದಿರುವುದು ಈ ವೃತ್ತದ ಗೆರೆಯ ಸಂತತಿಯೇ.

ಅದೇ ವರ್ಷ ಆತ ಇನ್ನೊಂದನ್ನು ಕಂಡುಕೊಂಡ. ಗಂಟೆಯ ಸದ್ದನ್ನು ಮುದ್ರಿಸುವಾಗ ಮೊದಲ ಬಡಿತವನ್ನು ಬಿಟ್ಟು, ಆಮೇಲಿನ ಅನುರಣನವನ್ನಷ್ಟೇ ಹಿಡಿದು, ಅದು ಇಳಿಯದಂತೆ ಸಮಮಾಡಿಕೊಂಡಾಗ, ಅದು ಗಂಟೆಯಾಗಿ ಉಳಿಯಲಿಲ್ಲ. ಊದುವ ವಾದ್ಯವಾದ ಓಬೋದಂತೆ ಕೇಳಿಸಿತು. ಯಾವ ವಾದ್ಯ ನುಡಿಯುತ್ತಿದೆ ಎಂಬುದನ್ನು ನಮ್ಮ ಕಿವಿ ಬಹುಮಟ್ಟಿಗೆ ನಾದದ ಆರಂಭದಿಂದಲೇ ಗುರುತಿಸುತ್ತದೆ ಎಂಬ ದೊಡ್ಡ ಸತ್ಯ ಇದರಲ್ಲಿ ಅಡಗಿದೆ. ನೀವೂ ಪರೀಕ್ಷಿಸಿ ನೋಡಿ. ಹಿತ್ತಾಳೆ ತಟ್ಟೆಯನ್ನು ಒಮ್ಮೆ ಬಾರಿಸಿ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಅಟ್ಯಾಕ್ ತಿರುಪನ್ನು ಮೆಲ್ಲಮೆಲ್ಲನೆ ಏರಿಸಿ. ಬಡಿತ ಕರಗಿಹೋಗಿ, ಎಲ್ಲಿಂದಲೋ ತೇಲಿಬಂದ ಹೊಸ ವಾದ್ಯವೊಂದು ನಿಮ್ಮ ಮುಂದೆ ನಿಲ್ಲುತ್ತದೆ.

ಒಂದೇ ತುಣುಕಿನಿಂದ ಎಲ್ಲ ಸ್ವರಗಳು ಬರುವುದು ಹೇಗೆ? ಮುದ್ರಣವನ್ನು ಬೇಗ ಓಡಿಸಿದರೆ ಸ್ವರ ಏರುತ್ತದೆ, ನಿಧಾನವಾಗಿ ಓಡಿಸಿದರೆ ಇಳಿಯುತ್ತದೆ. 1950ರ ದಶಕದ ಮೊದಲಲ್ಲಿ ಶೆಫೇರನ ಬಳಗ ಹನ್ನೆರಡು ಕೀಲಿಗಳ ಒಂದು ಟೇಪ್ ಯಂತ್ರವನ್ನು ಕಟ್ಟಿಸಿತು. ಒಂದೊಂದು ಕೀಲಿಗೂ ಟೇಪಿನ ಓಟ ಒಂದೊಂದು ವೇಗ. ಫೋನಿನಲ್ಲಿ ರೂಟ್ ಎಂದಿರುವ ಗುರುತು ಇದಕ್ಕೆ ಸಂಬಂಧಿಸಿದ್ದು. ತುಣುಕು ಮೂಲದಲ್ಲಿ ಯಾವ ಸ್ವರದ್ದೆಂದು ಯಂತ್ರಕ್ಕೆ ತಿಳಿಸುವುದು ಅದರ ಕೆಲಸ. ಇದನ್ನು ಸರಿಯಾಗಿ ಇಡದಿದ್ದರೆ ಎಷ್ಟು ಚೆನ್ನಾಗಿ ನುಡಿಸಿದರೂ ಅಪಶ್ರುತಿಯೇ. ಹಾಗೆಯೇ, ಒಂದು ಸ್ಥಾಯಿ ಮೇಲಕ್ಕೆ ಹೋದರೆ ವೇಗ ಇಮ್ಮಡಿ, ಕಾಲ ಅರ್ಧ. ನಿಮ್ಮ ಅಜ್ಜಿಯ ಕಂಠ ಅಳಿಲಿನ ಕಂಠವಾಗುವುದು ಇದರಿಂದಲೇ.

ಮುಂದಿನ ಹೆಜ್ಜೆ ಇಂಗ್ಲೆಂಡಿನದು. ಅಮೆರಿಕದ ಹ್ಯಾರಿ ಚೇಂಬರ್ಲಿನ್ ಎಂಬಾತ ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪನ್ನಿಟ್ಟು ವಾದ್ಯ ಮಾಡಿದ್ದ. ಅದರ ಜಾಡಿನಲ್ಲಿ 1963ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮೆಲೊಟ್ರಾನ್ ಹುಟ್ಟಿತು. 1967ರಲ್ಲಿ ಬೀಟಲ್ಸ್ ತಂಡದ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಹಾಡಿನ ಮೊದಲಲ್ಲಿ ಕೇಳುವ ಕೊಳಲು ಈ ಯಂತ್ರದ್ದು. ಆದರೆ ಟೇಪಿನ ಉದ್ದ ಸುಮಾರು ಎಂಟು ಸೆಕೆಂಡು ಮಾತ್ರ. ಅಷ್ಟರಲ್ಲಿ ಬೆರಳೆತ್ತದಿದ್ದರೆ ನಾದ ಕಡಿದುಹೋಗುತ್ತಿತ್ತು.

ಇನ್ನು ನಾಲ್ಕು ಹೆಸರುಗಳ ವಿಚಾರ. 1965ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ-ಪ್ರಿನ್ಸ್‌ಟನ್ ಎಲೆಕ್ಟ್ರಾನಿಕ್ ಸಂಗೀತ ಕೇಂದ್ರದ ವ್ಲಾದಿಮಿರ್ ಉಸಚೆವ್‌ಸ್ಕಿ, ನಾದದ ಏರಿಳಿತವನ್ನು ನಾಲ್ಕು ಘಟ್ಟಗಳಲ್ಲಿ ನಿಯಂತ್ರಿಸುವ ಸಾಧನ ಬೇಕೆಂದು ರಾಬರ್ಟ್ ಮೂಗ್‌ನಿಗೆ ಲಕ್ಷಣ ಬರೆದುಕೊಟ್ಟ. ಇಂದಿನ ಸರಳ ಹೆಸರುಗಳನ್ನು ಬಳಕೆಗೆ ತಂದದ್ದು ಆಮೇಲೆ ಬಂದ ಎಆರ್‌ಪಿ ಸಂಸ್ಥೆ. ಅಟ್ಯಾಕ್ ಎಂದರೆ ನಾದ ಶಿಖರಕ್ಕೇರಲು ಹಿಡಿಯುವ ಕಾಲ. ಡಿಕೇ ಎಂದರೆ ಶಿಖರದಿಂದ ನೆಲೆಗೆ ಇಳಿಯುವ ಕಾಲ. ರಿಲೀಸ್ ಎಂದರೆ ಬೆರಳೆತ್ತಿದ ಮೇಲೆ ನಾದ ಅಡಗುವ ಕಾಲ. ಇವು ಮೂರೂ ಕಾಲದ ಅಳತೆ. ಸಸ್ಟೈನ್ ಮಾತ್ರ ಕಾಲವಲ್ಲ, ಮಟ್ಟ. ಬೆರಳನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ನಾದ ಎಷ್ಟು ಗಟ್ಟಿಯಾಗಿ ನಿಲ್ಲಬೇಕೆಂಬ ಅಳತೆ. ಹೊಸಬರು ಬಹುಪಾಲು ಎಡವುವುದು ಇಲ್ಲಿಯೇ. ವೀಣೆಯ ಮೀಟನ್ನು ನೆನೆದುಕೊಳ್ಳಿ: ಅಟ್ಯಾಕ್ ಅತ್ಯಲ್ಪ, ಡಿಕೇ ದೀರ್ಘ, ಸಸ್ಟೈನ್ ಸೊನ್ನೆ. ಹಾರ್ಮೋನಿಯಮ್ಮನ್ನು ನೆನೆದುಕೊಳ್ಳಿ: ಸಸ್ಟೈನ್ ಪೂರ್ಣ, ರಿಲೀಸ್ ಅಲ್ಪ. ಈ ಎರಡು ಚಿತ್ರಗಳು ಮನಸ್ಸಿನಲ್ಲಿದ್ದರೆ ನಾಲ್ಕು ತಿರುಪುಗಳೂ ಕೈವಶವಾದಂತೆಯೇ. ಫಿಲ್ಟರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ವಾಲ್ವ್ ರೇಡಿಯೋವಿನಲ್ಲಿ ಕೀರಲು ಸದ್ದನ್ನು ಮೆತ್ತಗೆ ಮಾಡುತ್ತಿದ್ದ ಟೋನ್ ತಿರುಪಿನ ತಮ್ಮ ಅದು.

ಕಂಪ್ಯೂಟರ್ ಬಂದ ಮೇಲೆ ಟೇಪು ಬೇಡವಾಯಿತು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ನಿಜವಾದ ವಾದ್ಯಗಳ ನಾದವನ್ನು ಲೆಕ್ಕಾಚಾರದಿಂದಲೇ ಹುಟ್ಟಿಸಲು ಹೆಣಗುತ್ತಿದ್ದರು, ಅದು ಕೈಗೂಡಲಿಲ್ಲ. ಆಗ ವೋಗೆಲ್ ರೇಡಿಯೋ ಪ್ರಸಾರದಿಂದ ಪಿಯಾನೋದ ಸುಮಾರು ಒಂದು ಸೆಕೆಂಡನ್ನು ಯಂತ್ರಕ್ಕೆ ತುಂಬಿ ಬೇರೆ ಬೇರೆ ವೇಗದಲ್ಲಿ ನುಡಿಸಿ ನೋಡಿದ. ಲೆಕ್ಕ ಕೊಡದ ಜೀವ ಆ ತುಣುಕಿನಲ್ಲಿತ್ತು. 1979ರಲ್ಲಿ ಅವರ ಫೇರ್‌ಲೈಟ್ ಯಂತ್ರ ಹೊರಬಂದಿತು. ಅದರ ಒಂದೊಂದು ಧ್ವನಿಗೂ ಇದ್ದ ನೆನಪು 16 ಕಿಲೋಬೈಟು. ಸುಮಾರು ಒಂದು ಸೆಕೆಂಡಿನ ನಾದಕ್ಕೆ ಸಾಲುವಷ್ಟು. ಸ್ವರವನ್ನು ದೀರ್ಘವಾಗಿ ಹಿಡಿಯಬೇಕಾದರೆ ತುಣುಕಿನ ಒಂದು ಭಾಗವನ್ನು ಸುತ್ತಿಸದೆ ಗತಿಯಿಲ್ಲ. ಹೀಗೆ ಶೆಫೇರನ ವೃತ್ತ ಮತ್ತೆ ಬೇಕಾಯಿತು. ಸುತ್ತಿನ ತುದಿ ಮತ್ತು ಮೊದಲು ಸರಿಯಾಗಿ ಕೂಡದಿದ್ದರೆ ಪ್ರತಿ ಸುತ್ತಿಗೂ 'ಟಕ್' ಎನ್ನುತ್ತದೆ. ಲೂಪಿನ ಎರಡು ಗುರುತುಗಳನ್ನು ಕೂದಲೆಳೆಯಷ್ಟು ಸರಿಸಿ, ಆ ಸದ್ದು ಅಡಗುವ ಜಾಗವನ್ನು ಕಿವಿಯಿಂದಲೇ ಹುಡುಕಬೇಕು.

1981ರಲ್ಲಿ ಅಮೆರಿಕದ ಎಮ್ಯುಲೇಟರ್ ಬಂದಿತು. 1984ರಲ್ಲಿ ರೇ ಕುರ್ಜ್‌ವೈಲ್‌ನ ವಾದ್ಯ, ಒಂದೇ ತುಣುಕನ್ನು ಎಳೆದಾಡುವ ಬದಲು ಪಿಯಾನೋದ ಬೇರೆ ಬೇರೆ ಸ್ವರಗಳ ತುಣುಕುಗಳನ್ನು ಮಣೆಯುದ್ದಕ್ಕೂ ಹಂಚಿತು. 1985ರ ವೇಳೆಗೆ ಎನ್ಸೋನಿಕ್ ಸಂಸ್ಥೆಯ ಮಿರಾಜ್ 1,700 ಡಾಲರಿಗಿಂತ ತುಸು ಕಡಿಮೆಗೆ ಸಿಗುತ್ತಿತ್ತು. 2011ರಲ್ಲಿ ಐಪ್ಯಾಡಿನ ಗ್ಯಾರೇಜ್‌ಬ್ಯಾಂಡ್ ಆ್ಯಪ್‌ನೊಳಗೆ ಇಂಥದೊಂದು ವಾದ್ಯ ಸೇರಿಕೊಂಡಿತು.

ನಮ್ಮ ನಾಡಿನಲ್ಲಿ ಇದನ್ನು ಪರೀಕ್ಷಿಸಲು ತಂಬೂರಿಗಿಂತ ಒಳ್ಳೆಯ ಒರೆಗಲ್ಲಿಲ್ಲ. ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್‌ನಾರಾಯಣ್ ಅವರು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಮೇಲೆ ಎಷ್ಟೋ ಮನೆಗಳ ಸಾಧನೆಗೆ ಪೆಟ್ಟಿಗೆಯೇ ಶ್ರುತಿಯಾಯಿತು. ಇಂದು ನಿಜವಾದ ತಂಬೂರಿಯ ತುಣುಕುಗಳನ್ನೇ ಫೋನಿನಲ್ಲಿ ಕೇಳಬಹುದು. ನೀವೇ ಒಂದನ್ನು ಮುದ್ರಿಸುವುದಾದರೆ ಒಂದು ತಂತಿಯ ಮೀಟನ್ನಷ್ಟೇ ಲೂಪಿಗೆ ಹಾಕಬೇಡಿ. ಒಂದು ತಂತಿಯ ಗುಂಗು ಮುಂದಿನ ತಂತಿಯೊಳಗೆ ಬೆರೆಯುವುದರಲ್ಲಿಯೇ ತಂಬೂರಿಯ ಜೀವವಿದೆ. ನಾಲ್ಕು ತಂತಿಗಳ ಪೂರ್ಣ ಆವರ್ತವೇ ಸುತ್ತಬೇಕು.

ಕೊನೆಯದಾಗಿ, ಯಾವ ತಿರುಪಿನಲ್ಲೂ ಕಾಣದ ಒಂದು ವಿಚಾರ. 1969ರಲ್ಲಿ ಅಮೆರಿಕದ ವಿನ್‌ಸ್ಟನ್ಸ್ ತಂಡ 'ಆಮೆನ್, ಬ್ರದರ್' ಎಂಬ ಕೃತಿಯನ್ನು ಮುದ್ರಿಸಿತು. ಅದರ ನಡುವೆ ಗ್ರೆಗರಿ ಕೋಲ್‌ಮನ್ ಎಂಬ ವಾದಕ ಒಬ್ಬನೇ ಡ್ರಮ್ ಬಾರಿಸುವ ಆರೇಳು ಸೆಕೆಂಡುಗಳಿವೆ. ಸ್ಯಾಂಪ್ಲರುಗಳು ಅಗ್ಗವಾದ ಮೇಲೆ ಆ ತುಣುಕು ಸಾವಿರಾರು ಹಾಡುಗಳೊಳಗೆ ಸೇರಿಹೋಯಿತು. ಅದರಿಂದ ಒಂದು ಕಾಸೂ ಕಾಣದೆ ಕೋಲ್‌ಮನ್ 2006ರಲ್ಲಿ ತೀರಿಕೊಂಡ. 2015ರಲ್ಲಿ ಅಭಿಮಾನಿಗಳು ಸುಮಾರು 24,000 ಪೌಂಡುಗಳನ್ನು ಕೂಡಿಸಿ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ ಒಪ್ಪಿಸಿದರು. ಬಾರಿಸಿದ ಕೈ ಆಗ ಇರಲಿಲ್ಲ.

ಆದಕಾರಣ ಮಕ್ಕಳಿಗೆ ಈ ವಾದ್ಯವನ್ನು ಕಲಿಸುವಾಗ ಮನೆಯ ಸದ್ದುಗಳಿಂದಲೇ ಮೊದಲುಮಾಡಿಸಿರಿ: ತಟ್ಟೆ, ಬಿಂದಿಗೆ, ಬಾಗಿಲ ಚಿಲಕ, ತಮ್ಮದೇ ಕಂಠ. ಬೇರೊಬ್ಬರ ನಾದವನ್ನು ಹಿಡಿಯುವ ದಿನ ಬಂದಾಗ, ಅದು ಯಾರದೆಂದು ಕೇಳಿ, ಒಪ್ಪಿಗೆ ಪಡೆದು, ಅವರ ಹೆಸರನ್ನೂ ಬರೆದಿಡುವ ಅಭ್ಯಾಸ ಅವರಿಗೆ ಮೊದಲಿನಿಂದಲೇ ಆಗಲಿ.